ಬಾ

ನೇಪಾಳಿಯಲ್ಲಿ ಅಪ್ಪನಿಗೆ ಬಾ ಅನ್ನುತ್ತಾರೆ.
ಬೇಲೆಕೇರಿ ಶಾಲೆ, ಒಂದನೇ ಇಯತ್ತೆ, ಮೊದಲ ದಿನ
ಗೇಟಿನಾಚೆ ನಿಂತವನನ್ನು ಬಾ, ಬಾ ಎಂದು ಕೂಗಿ ಅತ್ತಿದ್ದೆ.
ಅವರು ಒಳಗೆ ಬರುವ ಹಾಗಿಲ್ಲ ಮಗಾ, ಅಂದರು ಅಕ್ಕೋರು.
ಹಾಜರಿ ಪುಸ್ತಕದಲ್ಲಿ ಮನ್ಸರಾ ಬೋಹರಾ
ಮಾನಸಾ ಬಿ. ಆಗಿದ್ದೂ ಅವತ್ತೇ.

ಬಾ ಐಸ್ ಫ್ಯಾಕ್ಟರಿಯ ಕಾವಲು.
ಹತ್ತರಿಂದ ಆರು, ಗಂಟೆಗೊಂದು ಸೀಟಿ,
ಕದಿಯಲು ಯಾರೂ ಬಾರದ ಮಂಜುಗಡ್ಡೆಗೆ
ಹದಿನೇಳು ವರ್ಷ.
ಆಮಾ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಒಡೆಯುತ್ತಾಳೆ.
ಸೊನೆ ತಾಗಿ ಸುಟ್ಟ ಬೆರಳು,
ಬೂದಿ ಹಚ್ಚಿದರೂ ಹೋಗದ ಕಪ್ಪು.
ಯಾರ ಮನೆಗಾದರೂ ಹೋದರೆ
ಸೆರಗಿನೊಳಗೆ ಕೈ ಇಟ್ಟುಕೊಂಡೇ ಕೂರುತ್ತಾಳೆ.

ನಾನು ಬೀಳಲು ಕಲಿತದ್ದು
ಜೂನ್ ಜುಲೈನಲ್ಲಿ, ಬೋಟುಗಳೆಲ್ಲ ಲಂಗರು ಹಾಕಿ ಮಲಗಿದಾಗ,
ಮೀನು ಹರಾಜಿನ ಖಾಲಿ ಶೆಡ್ಡಿನಲ್ಲಿ.
ಶೇವಂತಿ ಹರಿಕಂತ್ರ, ಹೋಮ್‌ಗಾರ್ಡ್ ನೌಕರಿ ಬಿಟ್ಟವಳು,
ಹರಿದ ಬಲೆ ಒಟ್ಟಿ, ಮೇಲೆ ತಾಡಪತ್ರಿ ಹಾಸಿ
ಇದೇ ನಿಮ್ಮ ಜೂಡೋ ಮ್ಯಾಟು, ಅಂದಳು.
ಬಂಗಡೆ ವಾಸನೆಯಲ್ಲಿ ಮುಖ ಹುಗಿದು ಹುಗಿದು ಎದ್ದೆವು
ಏಳು ಹುಡುಗಿಯರು.
ಆಗಸ್ಟಿನಲ್ಲಿ ಬೋಟು ಇಳಿದವು, ಶೆಡ್ಡು ಹೋಯಿತು,
ಮೂವರು ಮರಳಿಗೆ ಬಂದೆವು.
ಆಕೆಗೆ ಬೈಯಲು ಕೊಂಕಣಿ, ಎಣಿಸಲು ಕನ್ನಡ.
ಒಂದು ಮಾತು ಮಾತ್ರ ಎರಡರಲ್ಲೂ:
ಎಸೆದ ಮೇಲೆ ತೋಳು ಬಿಡಬೇಡ.
ಬೀಳುವವಳ ತಲೆ ನಿನ್ನ ಜವಾಬ್ದಾರಿ.

ದಸೈಂ ಮುಗಿದ ಭಾನುವಾರ ಹುಡುಗ ಬರುತ್ತಾನೆ.
ಮಡಗಾಂವದ ಹೋಟೆಲಿನಲ್ಲಿ ತಂದೂರಿ ಒಲೆ,
ಬಜಾಂಗಿನ ಗುಡ್ಡದಲ್ಲಿ ಮೂರು ತುಂಡು ಹೊಲ.
ನಾನು ಕಣ್ಣಲ್ಲೂ ಕಾಣದ ಆ ಹೊಲಕ್ಕೆ
ನಾನು ಹೊರಬೇಕಾದ ಗೊಬ್ಬರದ ಬುಟ್ಟಿ ಎಷ್ಟು ಎಂಬುದೂ
ಫೋನಿನಲ್ಲಿ ಮಾತಾಗಿದೆ.
ಅದೇ ಭಾನುವಾರ ಧಾರವಾಡದಲ್ಲಿ ಆಯ್ಕೆ,
ಐವತ್ತೇಳು ಕಿಲೋ ಒಳಗಿನವರದು.

ನಾವು ಈ ಊರಿಗೆ ಬಾಡಿಗೆಯವರು, ಅನ್ನುತ್ತಾನೆ ಬಾ,
ಬಾಡಿಗೆಯವರು ಜಗಳ ಕಲಿಯಬಾರದು.
ನಿನ್ನ ಸೀಟಿ ಕಳ್ಳನಿಗಲ್ಲ, ಮಾಲೀಕನಿಗೆ,
ನಿದ್ದೆ ಮಾಡಿಲ್ಲ ಧಣೀ ಅಂತ ಹೇಳಲಿಕ್ಕೆ!
ಸಿಟ್ಟಿನಲ್ಲಿ ಕನ್ನಡಕ್ಕೆ ಹೊರಳಿದ್ದೆ.
ಅವನಿಗೆ ಬರುವ ಕನ್ನಡ ಇಷ್ಟೇ:
ಗಾಡಿ ಹಿಂದೆ ತೆಗೆ. ಸಾಹೇಬರಿಲ್ಲ. ನಾಳೆ ಬಾ.

ಶುಕ್ರವಾರ ರಾತ್ರಿ ಒಂದೂವರೆಗೆ
ಫ್ಯಾಕ್ಟರಿಯ ಹಿಂದೆ, ಉಪ್ಪಿನ ಮೂಟೆಗೆ ಹಳೇ ಶರ್ಟು ತೊಡಿಸಿ
ಒಬ್ಬಳೇ ಎಳೆದಾಡುತ್ತಿದ್ದೆ.
ಟಾರ್ಚು ಬಿತ್ತು. ಬಹಳ ಹೊತ್ತು ಆರಲಿಲ್ಲ.
ಆಮೇಲೆ ಲಾಠಿ ಗೋಡೆಗೆ ಒರಗಿಸಿ, ಟೊಪ್ಪಿ ತೆಗೆದು
ಮೂಟೆಯ ಪಕ್ಕ ನಿಂತ.
ಉಪ್ಪು ತಿರುಗಿ ಹಿಡಿಯುವುದಿಲ್ಲ, ಛೋರಿ.

ಬಾ, ಅಂದೆ.
ಯಾವ ಭಾಷೆಯಲ್ಲಿ ಅಂತ ನನಗೇ ಗೊತ್ತಿಲ್ಲ.
ಬಂದ.

ಸೆಕ್ಯುರಿಟಿ ಕಂಪನಿಯ ಕಾಲರು,
ಐಸಿನ ಥಂಡಿಗೆಂದು ಒಳಗೊಂದು ಸ್ವೆಟರು,
ಅದರೊಳಗೆ ಅಪ್ಪ ಇಷ್ಟೇ ಇಷ್ಟು.
ಸೊಂಟ ತಿರುಗಿಸಿದೆ. ಉಪ್ಪಿಗಿಂತ ಹಗುರ.
ತೋಳು ಬಿಟ್ಟಿರಲಿಲ್ಲ,
ತಲೆ ನೆಲದಿಂದ ಒಂದು ಗೇಣು ಮೇಲೇ ನಿಂತಿತು.
ಮಲಗಿದಲ್ಲೇ ಜೇಬು ತಡವಿದ. ಸೀಟಿ ಎಲ್ಲಿ?
ಇಬ್ಬರೂ ಮಂಡಿಯೂರಿ ಹುಡುಕಿದೆವು,
ಎರಡು ಗಂಟೆಯ ಸೀಟಿ ಎರಡು ಹತ್ತಕ್ಕೆ ಆಯಿತು.
ಹೂಂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಈಗ ಬಸ್ಸು ಅರಬೈಲ ಘಟ್ಟ ಹತ್ತುತ್ತಿದೆ.
ಹುಡುಗನ ಕಡೆಯವರು ಮಡಗಾಂವದಲ್ಲಿ ರೈಲು ಹತ್ತಿರಬಹುದು.
ಆಮಾ ಅವರಿಗೆ ಏನು ಹೇಳುತ್ತಾಳೋ,
ನನಗೇನೂ ಹೇಳಲಿಲ್ಲ.
ಚೀಲದಲ್ಲಿ ಜೂಡೋ ಅಂಗಿ. ಒಗೆದು ಮಡಚಿದ್ದು ನಾನಲ್ಲ.
ಕಾಲರಿನ ಎರಡೂ ಕಡೆ, ತಿಕ್ಕಿ ಹಿಂಡಿದ ಜಾಗದಲ್ಲಿ
ಗೇರುಸೊನೆಯ ಬೆರಳಚ್ಚು,
ಕಂದುಗಪ್ಪು, ಹೋಗುವಂಥದ್ದಲ್ಲ.
ಎದುರಿನವಳು ಮೊದಲು ಹಿಡಿಯುವುದು ಅಲ್ಲೇ.